ಅರಿಶಿನ ಹಚ್ಚಿದ ವಿಸಿಟಿಂಗ್ ಕಾರ್ಡು

ಮೊನ್ನೆ ಬೆಳಿಗ್ಗೆ ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿಗೆ ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದಾಗ ಫೋನಿಗೆ ಒಂದು ಪೋಸ್ಟರ್ ಬಂತು. ನಾನು ಓದಿದ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದ್ದು. ‘ಮಾಧ್ಯಮ ಸಂವಾದ: ಎರಡು ದಿನಗಳ ಉಪನ್ಯಾಸ ಹಾಗೂ ನೆಟ್‌ವರ್ಕಿಂಗ್ ಕಾರ್ಯಕ್ರಮ’ ಎಂದು ದಪ್ಪಕ್ಷರ. ಕೆಳಗೆ ಐದು ದುಂಡನೆಯ ಫೋಟೋಗಳು. ನಾಲ್ಕು ದೊಡ್ಡವು, ಒಂದು ಚಿಕ್ಕದು. ಆ ಚಿಕ್ಕದು ನಾನು. ಯಾವುದೋ ಸನ್ಮಾನದ ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದಿದ್ದರಿಂದ ಭುಜದ ಮೇಲೆ ಇನ್ಯಾರದೋ ಮೊಣಕೈ ಹಾಗೇ ಉಳಿದಿತ್ತು. ಹೆಸರಿನ ಕೆಳಗೆ ‘ಗ್ರಾಮೀಣ ವರದಿಗಾರ್ತಿ’ ಎಂದಿತ್ತು. ಉಳಿದ ನಾಲ್ವರಲ್ಲಿ ಯಾರ ಹೆಸರಿನ ಕೆಳಗೂ ‘ನಗರ ವರದಿಗಾರ’ ಎಂದು ಇರಲಿಲ್ಲ. ಅವರೆಲ್ಲ ಬರೀ ಪತ್ರಕರ್ತರು. ನನ್ನ ಪಾಲಿಗೆ ಊಟಕ್ಕೆ ಮುಂಚಿನ ಹದಿನೈದು ನಿಮಿಷ, ವಿಷಯ ‘ಹಳ್ಳಿಯಿಂದ ಹೊರಟ ಹಾದಿ: ಒಂದು ಸ್ಫೂರ್ತಿಕಥನ’. ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ಎಲ್ಲರೂ ಸಾಕಷ್ಟು ವಿಸಿಟಿಂಗ್ ಕಾರ್ಡ್ ತರತಕ್ಕದ್ದು.’

ಆ ಸಾಲು ಓದಿದ ಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದೆ. ಒಂದು ಲೋಟ ನೀರು ಕುಡಿದೆ.

ಪೋಸ್ಟರ್ ಕಳಿಸಿದವಳು ಶಾಲಿನಿ. ಎಂ.ಎ.ಯಲ್ಲಿ ನನ್ನ ಜೊತೆ ಓದಿದವಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಈಗ ಅದೇ ವಿಭಾಗದಲ್ಲಿ ಮೇಷ್ಟ್ರು. ಹತ್ತು ನಿಮಿಷಕ್ಕೆ ಅವಳ ಫೋನೂ ಬಂತು. “ನೋಡಿದ್ಯಾ? ಆ ಅರಿಶಿನದ ಕಾರ್ಡಿನ ಕಥೆ ಹೇಳೇ, ಮಕ್ಕಳಿಗೆ ತುಂಬಾ ಇನ್‌ಸ್ಪೈರಿಂಗ್ ಆಗಿರುತ್ತೆ,” ಎಂದಳು. ಹೇಳುತ್ತೇನೆ ಎಂದೆ. ಹೇಳಿ ಹೇಳಿ ನನಗೆ ಅಭ್ಯಾಸವಾಗಿರುವ ಕಥೆ ಅದು. ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ.

ಇಂಥ ಕಾರ್ಯಕ್ರಮಗಳಿಗೆ ನೀವು ಹೋಗಿದ್ದೀರೋ ಇಲ್ಲವೋ. ಕತ್ತಿಗೆ ಒಂದು ಹಗ್ಗ, ಅದಕ್ಕೊಂದು ಹೆಸರಿನ ಚೀಟಿ. ದೀಪ ಬೆಳಗಲು ಕರೆದವರು ಬೆಂಕಿಪೊಟ್ಟಣ ಹುಡುಕುತ್ತಾರೆ. ಬೆಂಗಳೂರಿನಿಂದ ಬಂದವರು ‘ನನಗೆ ಸಮಯದ ಅಭಾವವಿದೆ’ ಎಂದು ಆರಂಭಿಸಿ ಒಂದೂಕಾಲು ಗಂಟೆ ಮಾತಾಡುತ್ತಾರೆ. ತಮ್ಮ ಕಾಲದಲ್ಲಿ ಪತ್ರಿಕೋದ್ಯಮ ಎಷ್ಟು ಚೆನ್ನಾಗಿತ್ತು, ಈಗ ಎಷ್ಟು ಕೆಟ್ಟಿದೆ ಎನ್ನುತ್ತಾರೆ. ಮಧ್ಯೆ ಕೆಡಿಸಿದವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆಮೇಲೆ ಊಟ. ಊಟದ ಹೊತ್ತಿಗೆ ‘ನೆಟ್‌ವರ್ಕಿಂಗ್’. ಅಂದರೆ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡವರ ಕೈ ಕುಲುಕಿ, ಮೂರನೆಯ ಕೈ ಇದ್ದರೆ ಅದರಲ್ಲಿ ಕಾರ್ಡು ಕೊಡುವುದು. ಮೊದಲ ಸಲ ನೋಡಿದಾಗ ನನಗೆ ಈ ಜನ ಊಟ ಯಾವಾಗ ಮಾಡುತ್ತಾರೆ ಎಂಬುದೇ ದೊಡ್ಡ ಯೋಚನೆಯಾಗಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಹನೂರು ಆಗಿನ್ನೂ ತಾಲ್ಲೂಕಾಗಿರಲಿಲ್ಲ, ನಾನು ಇನ್ನೂ ಏನೂ ಆಗಿರಲಿಲ್ಲ. ನಮ್ಮದು ಕೌದಳ್ಳಿ, ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಅಪ್ಪ ಲಾರಿಯ ಮೇಲೆ, ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವರು. ಅವ್ವ ಸ್ಕೂಲಿನ ಬಿಸಿಯೂಟದ ಅಡುಗೆಯವಳು. ನಾನು ಪತ್ರಿಕೋದ್ಯಮ ಓದಲು ಹೋಗುತ್ತೇನೆ ಎಂದಾಗ ಬೀದಿಯವರು ‘ಪೇಪರ್ ಆಕಕ್ಕೆ ಎಂ.ಎ. ಓದ್ಬೇಕಾ?’ ಎಂದು ಕೇಳಿದ್ದರು. ವಿಭಾಗಕ್ಕೆ ಸೇರಿದ ಮೇಲೆ ನನ್ನ ದೊಡ್ಡ ಕಷ್ಟ ಓದಿನದಾಗಿರಲಿಲ್ಲ, ಹಕಾರದ್ದು. ನಮ್ಮ ಕಡೆ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಹಾಲು, ಹಣ್ಣು, ಹನೂರು ಎಂದು ದಿನಾ ಅಭ್ಯಾಸ ಮಾಡುತ್ತಿದ್ದೆ. ಅತಿ ಎಚ್ಚರದಲ್ಲಿ ಒಮ್ಮೆ ‘ಹಾನೆ ದಾಳಿ’ ಎಂದು ಸುದ್ದಿ ಓದಿದ್ದೂ ಉಂಟು. ತರಗತಿ ನಕ್ಕಿತು. ಆನೆಗೇನೂ ಬೇಜಾರಾಗಿರಲಿಕ್ಕಿಲ್ಲ.

ಎರಡನೇ ವರ್ಷದಲ್ಲಿ ಆ ಮಾಧ್ಯಮ ಸಂವಾದ ಬಂತು. ಮುಖ್ಯ ಅತಿಥಿಗಳು ಒಬ್ಬ ದೊಡ್ಡ ಸಂಪಾದಕರು. ಹೆಸರು ಬೇಡ, ಈಗ ನಿವೃತ್ತರು, ಮೊಮ್ಮಕ್ಕಳ ಜೊತೆ ಸುಖವಾಗಿದ್ದಾರೆ. ಅವರು ನಮ್ಮಲ್ಲಿ ಒಬ್ಬರನ್ನು, ಒಬ್ಬರನ್ನು ಮಾತ್ರ, ತಮ್ಮ ಪತ್ರಿಕೆಗೆ ಮೂರು ತಿಂಗಳ ತರಬೇತಿಗೆ ತೆಗೆದುಕೊಳ್ಳುತ್ತಾರೆ ಎಂದು ಮುಖ್ಯಸ್ಥರಾದ ಮೇಡಂ ಹೇಳಿದರು. ಎಲ್ಲರೂ ವಿಸಿಟಿಂಗ್ ಕಾರ್ಡು ಮಾಡಿಸಬೇಕು, ಹೆಸರು, ಫೋನ್ ನಂಬರು, ಆಸಕ್ತಿಯ ಕ್ಷೇತ್ರ ಇರಬೇಕು, ಅತಿಥಿಗಳು ಕಾರ್ಡು ನೋಡಿ ಮಾತಾಡಿಸುತ್ತಾರೆ ಎಂದೂ ಹೇಳಿದರು. ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಹೆಸರು ಅಚ್ಚಾದ ಪೇಪರು ಕೌದಳ್ಳಿಗೆ ಬೆಳಗಿನ ಬಸ್ಸಿನಲ್ಲಿ ಬಂದು ಬೀಳುವುದನ್ನು ನಾನು ಆಗಲೇ ಕಣ್ಣಲ್ಲಿ ನೋಡಿಯಾಗಿತ್ತು.

ಕಾರ್ಡು ಮಾಡಿಸಲು ಕೊಳ್ಳೇಗಾಲದ ಒಂದು ಪ್ರೆಸ್ಸಿಗೆ ಹೋದೆ. ಮದುವೆ, ಗೃಹಪ್ರವೇಶ, ನಾಮಕರಣದ ಕಾಗದ ಬಿಟ್ಟು ಬೇರೇನೂ ಹೊಡೆಯದ ಪ್ರೆಸ್ಸು. ಮಾಲೀಕರು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ, “ಮೇಲ್ಗಡೆ ಯಾವ ದೇವ್ರು ಆಕ್ಲವ್ವ?”

“ದೇವ್ರು ಬ್ಯಾಡಣ್ಣ, ಇದು ವಿಸಿಟಿಂಗ್ ಕಾರ್ಡು.”

“ದೇವ್ರಿಲ್ದಂಗೆ ಈ ಮಿಸನ್ನು ಓಡೇ ಇಲ್ವಲ್ಲವ್ವ,” ಎಂದರು. ಮನುಷ್ಯನಿಗೆ ನಿಜವಾಗಿಯೂ ನೋವಾಗಿತ್ತು. ಕೊನೆಗೆ ದೇವರನ್ನು ಬಿಟ್ಟರು, ಆದರೆ ಕಾಗದವನ್ನು ಬಿಡಲಿಲ್ಲ. ಯಾರದೋ ಮದುವೆಗೆ ತರಿಸಿ ಮಿಕ್ಕಿದ್ದ ಕೆನೆಬಣ್ಣದ, ಅಂಚಿಗೆ ಚಿನ್ನದ ಗೆರೆ ಇದ್ದ ದಪ್ಪ ಕಾಗದದಲ್ಲಿ ನೂರು ಕಾರ್ಡು ಹೊಡೆದುಕೊಟ್ಟರು. ನನಗೆ ಅದು ಬಲು ಶ್ರೀಮಂತವಾಗಿ ಕಂಡಿತು. ನೋಡಿ, ಆ ತಪ್ಪು ನನ್ನದೇ.

ಕಾರ್ಡಿನ ಡಬ್ಬಿ ಹಿಡಿದು ಒಂದು ರಾತ್ರಿಯ ಮಟ್ಟಿಗೆ ಊರಿಗೆ ಹೋದೆ. ಅವ್ವನಿಗೆ ತೋರಿಸದೆ ಹೇಗಿರುವುದು? ಮಗಳ ಹೆಸರು ಅಚ್ಚಾದದ್ದು ಅದೇ ಮೊದಲು. ಅವಳು ಕೈ ಒರೆಸಿಕೊಂಡು ಒಂದು ಕಾರ್ಡು ತೆಗೆದುಕೊಂಡಳು, ಅತ್ತ ಇತ್ತ ತಿರುಗಿಸಿದಳು, ಅಂಚಿನ ಗೆರೆ ಸವರಿದಳು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ದೇವರ ಗೂಡಿನ ಮುಂದೆ ಚಾಪೆ ಹಾಸಿ, ನೂರು ಕಾರ್ಡನ್ನೂ ಅದರ ಮೇಲೆ ಹರಡಿ, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಒಂದೊಂದರ ನಾಲ್ಕು ಮೂಲೆಗೂ ಹಚ್ಚಿ ಮುಗಿಸಿದ್ದಳು. ಒಣಗಲಿ ಎಂದು ಫ್ಯಾನ್ ಬೇರೆ ಹಾಕಿದ್ದಳು.

ನಾನು ಕಿರುಚಿದೆ. ಅವಳಿಗೆ ಅರ್ಥವೇ ಆಗಲಿಲ್ಲ. “ಅರಿಸ್ನ ಇಲ್ದಿರೋ ಕಾರ್ಡು ತಿಥಿಗೆ ಕಣಮ್ಮಿ,” ಎಂದಳು. “ನೀನೇನ್ ತಿಥಿಗೆ ಕರ್ಯಕ್ಕೋಗ್ತಿದ್ದೀಯಾ?” ಅವಳದು ಅದೇ ಸ್ವಭಾವ. ಹೊಸ ಪುಸ್ತಕ, ಹೊಸ ಗ್ಯಾಸ್ ಸಿಲಿಂಡರು, ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು, ಮನೆಗೆ ಹೊಸದಾಗಿ ಬಂದದ್ದು ಯಾವುದೂ ಅವಳ ಕೈಯಿಂದ ಬಿಳಿಯಾಗಿ ತಪ್ಪಿಸಿಕೊಂಡದ್ದಿಲ್ಲ. ಒರೆಸಿ ನೋಡಿದೆ. ದಪ್ಪ ಕಾಗದ, ಚೆನ್ನಾಗಿ ಕುಡಿದಿತ್ತು. ಬೇರೆ ಮಾಡಿಸಲು ಸಮಯವಿರಲಿಲ್ಲ, ಮರುದಿನವೇ ಕಾರ್ಯಕ್ರಮ.

ಮೊದಲ ದಿನ ವೇದಿಕೆಯ ಪಕ್ಕ ಒಂದು ಹಿತ್ತಾಳೆ ತಟ್ಟೆ ಇಟ್ಟಿದ್ದರು, ಅದರಲ್ಲಿ ಎಲ್ಲರೂ ಒಂದೊಂದು ಕಾರ್ಡು ಹಾಕಬೇಕು. ನಾನು ನನ್ನದನ್ನು ಉಳಿದವುಗಳ ಅಡಿಗೆ ತಳ್ಳಿ ಬಂದೆ. ಮಧ್ಯಾಹ್ನ ಸಂಪಾದಕರು ತಟ್ಟೆಗೆ ಕೈ ಹಾಕಿ ಒಂದೊಂದೇ ಕಾರ್ಡು ಎತ್ತಿ, ಹೆಸರು ಓದಿ, ಎದ್ದು ನಿಂತವರನ್ನು ಎರಡು ಮಾತು ಕೇಳುತ್ತಿದ್ದರು. ಐದೋ ಆರೋ ಆದ ಮೇಲೆ ನನ್ನದು ಬಂತು. ಹೆಸರು ಓದಲಿಲ್ಲ. ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಸಭೆಗೆ ತೋರಿಸಿದರು. “ಇದ್ಯಾರ್ರೀ ಮದುವೆ ಕಾಗದ? ಮುಹೂರ್ತ ಯಾವಾಗ? ಊಟ ಇದೆ ತಾನೇ?” ಎಂದರು. ಆಮೇಲೆ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ಸಭೆಗೆ ಸಭೆಯೇ ನಕ್ಕಿತು. ಕಾರ್ಡು ಮತ್ತೆ ತಟ್ಟೆಗೆ ಬಿತ್ತು, ಮುಂದಿನದು ಮೇಲೆ ಬಂತು. ಅದು ನನ್ನದೆಂದು ಗೊತ್ತಿದ್ದವಳು ಪಕ್ಕದಲ್ಲಿ ಕೂತಿದ್ದ ಶಾಲಿನಿ ಒಬ್ಬಳೇ.

ಸಂಜೆ ಹಾಸ್ಟೆಲಿಗೆ ಬಂದವಳೇ ಶಾಲಿನಿಯ ಕತ್ತರಿ ತೆಗೆದುಕೊಂಡೆ. ನಾಲ್ಕು ಮೂಲೆ ಕತ್ತರಿಸಿಬಿಟ್ಟರೆ ಅರಿಶಿನ ಹೋಗುತ್ತದೆ, ನಾಳೆ ಊಟದ ಹೊತ್ತಿಗೆ ಕೊಡಬಹುದು ಎಂಬುದು ಲೆಕ್ಕ. ಹತ್ತೋ ಹನ್ನೊಂದೋ ಕತ್ತರಿಸಿದೆ. ಮೂಲೆ ಹೋದ ಕಾರ್ಡುಗಳು ಕಿವಿ ಕೊಯ್ದ ಮೇಕೆಯ ಹಾಗೆ ಕಂಡವು. ಅಷ್ಟರಲ್ಲಿ ಅವ್ವನ ಫೋನು.

“ಕೊಟ್ಟಾಮ್ಮಿ ಎಲ್ಲಾರ್ಗೂ?”

“ಊಂ ಕಣವ್ವ, ಕೊಟ್ಟೆ.”

“ಏನಂದ್ರು?”

“ಚೆನ್ನಾಗದೆ ಅಂದ್ರು.”

“ನಾನ್ ಯೋಳ್ಲಿಲ್ವಾ? ಸಾಲ್ದಿದ್ರೆ ಇನ್ನೊಂದಷ್ಟು ಮಾಡ್ಸು, ಅರಿಸ್ನ ನಾನ್ ಅಚ್ಚಿಕೊಡ್ತೀನಿ.”

ಅವಳ ದನಿಯಲ್ಲಿ ಹೆಮ್ಮೆ ಇತ್ತು. ಫೋನಿಟ್ಟು ಕತ್ತರಿಯನ್ನು ಶಾಲಿನಿಗೆ ವಾಪಸು ಕೊಟ್ಟೆ. ಕತ್ತರಿಸಿದ ಮೂಲೆಗಳು ಮಂಚದ ತುಂಬ ಬಿದ್ದಿದ್ದವು. ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದೆ. ಯಾಕೆ ಹಾಕಿದೆನೋ ಗೊತ್ತಿಲ್ಲ.

ಎರಡನೇ ದಿನ ಸಂಪಾದಕರ ಉಪನ್ಯಾಸ. ವಿಷಯ ‘ಪತ್ರಕರ್ತನಿಗೆ ಪರಿಚಯಗಳೇ ಬಂಡವಾಳ’. ಯಾರನ್ನು ಪರಿಚಯ ಮಾಡಿಕೊಳ್ಳಬೇಕು, ಒಂದು ಕೋಣೆಗೆ ಹೊಕ್ಕ ತಕ್ಷಣ ಅಲ್ಲಿ ಮುಖ್ಯರು ಯಾರೆಂದು ಹೇಗೆ ಗುರುತಿಸಬೇಕು ಎಂದು ಚೆನ್ನಾಗಿಯೇ ಹೇಳಿದರು. ಕೊನೆಗೆ ‘ಪ್ರಶ್ನೆಗಳಿದ್ದರೆ’ ಎಂದರು. ನಾನು ಎದ್ದೆ. ಮೈಕು ಕೈಗೆ ಬಂದಾಗ ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಕೌದಳ್ಳಿಯೇ ಬಾಯಿಗೆ ಬಂತು.

“ಸಾ, ನಿನ್ನೆ ನೀವು ಮದ್ವೆ ಕಾಗ್ದ ಅಂದ್ರಲ್ಲ, ಅದು ನಂದು. ನಮ್ದು ಕೌದಳ್ಳಿ ಸಾ, ಅನೂರತ್ರ. ನಮ್ ಕಡೆ ಯಾರ್ನಾರ ಮನ್ಗೆ ಕರ್ಯೋ ಕಾಗ್ದಕ್ಕೆ ಅರಿಸ್ನ ಅಚ್ತೀವಿ. ಅದ್ನ ಅಚ್ಚಿದ್ದು ನಮ್ಮವ್ವ. ನಿಮ್ ಎಸ್ರೂ ಗೊತ್ತಿಲ್ದೆ ನಿಮ್ಮನ್ನ ಮನ್ಗೆ ಕರ್ದವ್ಳೆ. ನೀವು ಕೈ ಒರಸ್ಕಂಡ್ರಿ. ಮುಖ್ಯವಾದೋರ್ನ ಎಂಗ್ ಪರಿಚಯ ಮಾಡ್ಕಬೇಕು ಅಂತ ಒಂದ್ ಗಂಟೆ ಯೋಳ್ಕೊಟ್ರಿ. ನಮ್ಮವ್ವನಂತೋರ್ನ ಪರಿಚಯ ಮಾಡ್ಕಳೋದ ಯಾರ್ ಯೋಳ್ಕೊಡ್ತಾರೆ ಸಾ?”

‘ಸಾ’ ಎಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದದ್ದು ಕೇಳಿಸಿತು. ಸಂಪಾದಕರು ಒಂದು ಕ್ಷಣ ನನ್ನನ್ನು ನೋಡಿ, “ಗುಡ್ ಸ್ಪಿರಿಟ್, ಗುಡ್ ಸ್ಪಿರಿಟ್,” ಎಂದು ನಕ್ಕು ಇನ್ನೊಬ್ಬರ ಕಡೆ ತಿರುಗಿದರು. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾವ ಹಿರಿಯರೂ ಬಂದು ಬೆನ್ನು ಸವರಲಿಲ್ಲ. ಮೇಡಂ ಆಮೇಲೆ ಕೋಣೆಗೆ ಕರೆಸಿ, “ಅವಕಾಶ ಕೈಯಾರೆ ಕಳ್ಕೊಂಡ್ಯಲ್ಲಮ್ಮ,” ಎಂದರು. ಜಾಗ ಶಾಲಿನಿಗೆ ಸಿಕ್ಕಿತು. ಅವಳು ಯೋಗ್ಯಳೇ, ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವತ್ತು ಮಾತ್ರ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ.

ಸಂಜೆ ಸಭಾಂಗಣದ ಹಿಂದೆ ಕೈ ತೊಳೆಯಲು ಹೋದಾಗ ಒಂದು ದೃಶ್ಯ ಕಂಡೆ. ಕಸ ಗುಡಿಸುವ ಅಕ್ಕ ಆ ಹಿತ್ತಾಳೆ ತಟ್ಟೆಯನ್ನು ಡ್ರಮ್ಮಿಗೆ ಬೋರಲು ಹಾಕುತ್ತಿದ್ದಳು. ಮಿರುಗುವ ಕಾರ್ಡು, ಇಂಗ್ಲಿಷಿನ ಕಾರ್ಡು, ಫೋಟೋ ಇದ್ದ ಕಾರ್ಡು, ಎಲ್ಲವೂ ಎಂಜಲೆಲೆಯ ಮೇಲೆ ಬಿದ್ದವು. ಅವಳು ಒಂದನ್ನು ಮಾತ್ರ ಬಗ್ಗಿ ಎತ್ತಿಕೊಂಡು, ಸೆರಗಲ್ಲಿ ಒರೆಸಿ, ಕಿಟಕಿಯ ಮೇಲಿಟ್ಟಳು. “ಅರಿಸ್ನ ಅದಲ್ಲವ್ವ, ಕಸಕ್ಕೆ ಎಂಗಾಕದು?” ಎಂದಳು. ಅದು ಯಾರದೆಂದು ನಾನು ಹೇಳಲಿಲ್ಲ. ಅವ್ವ ತಿಥಿ ಕಾರ್ಡು ಎಂದದ್ದು ನೆನಪಾಗಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಸಭೆಯಲ್ಲಿದ್ದವರೆಲ್ಲ ಎರಡು ದಿನ ಒಬ್ಬರಿಗೊಬ್ಬರು ತಿಥಿ ಕಾರ್ಡು ಹಂಚಿಕೊಂಡಿದ್ದರು.

ಓದು ಮುಗಿದ ಮೇಲೆ ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ಸೇರಿದೆ. ಕೊಳ್ಳೇಗಾಲದಲ್ಲಿ ಒಂದು ಕೋಣೆ, ಒಂದು ಹಳೆಯ ಸ್ಕೂಟರು. ಕೊಳ್ಳೇಗಾಲ, ಹನೂರು, ಯಳಂದೂರು ಮೂರಕ್ಕೂ ನಾನೊಬ್ಬಳೇ. ಡಬ್ಬಿಯಲ್ಲಿ ಉಳಿದಿದ್ದ ಕಾರ್ಡುಗಳನ್ನು ಹಂಚತೊಡಗಿದೆ. ಅಜ್ಜೀಪುರದ ದಿನಸಿ ಅಂಗಡಿ, ಯಳಂದೂರಿನ ಒಬ್ಬ ಟೈಲರ್, ರಾಮಾಪುರದ ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುವವರು, ಬೆಟ್ಟದ ಪೋಡಿನಿಂದ, ಅಂದರೆ ತಮ್ಮ ಹಾಡಿಯಿಂದ, ಜೇನು ತಂದು ಕೊಡುವ ಸೋಲಿಗರ ಒಬ್ಬ ಅಜ್ಜ. ಯಾರೂ ಕೈ ಒರೆಸಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಇಸಕೊಂಡರು, ಕೆಲವರು ಕಣ್ಣಿಗೆ ಒತ್ತಿಕೊಂಡರು, ‘ಯಾವತ್ತವ್ವ ಮದ್ವೆ?’ ಎಂದು ಕೇಳಿದವರೂ ಇದ್ದರು. ಅವರು ಕೇಳಿದ್ದು ನಿಜವಾಗಿಯೂ ಬರುವುದಕ್ಕೆ. ನನಗೆ ಆಗ ತಿಳಿಯದಿದ್ದ ಸಂಗತಿ ಒಂದಿತ್ತು: ಅರಿಶಿನ ಮುಟ್ಟಿದ ಕಾಗದವನ್ನು ನಮ್ಮ ಜನ ಎಸೆಯುವುದಿಲ್ಲ. ಹರಿಯುವುದಿಲ್ಲ, ಅದರಲ್ಲಿ ಕಡಲೆಕಾಯಿ ಕಟ್ಟುವುದಿಲ್ಲ. ದೇವರ ಫೋಟೋದ ಹಿಂದೆ ಸಿಕ್ಕಿಸಿಡುತ್ತಾರೆ.

ಮೂರು ವರ್ಷ ಕಳೆದ ಮೇಲೆ ಒಂದು ದಿನ ಫೋನು ಬಂತು. ರಾಮಾಪುರದ ಆಚೆ, ಕಾಡಿನ ಅಂಚಿನ ಊರಿನ ಕೆಂಪಮ್ಮ ಎಂಬ ಹೆಂಗಸು. “ಅಮ್ಮಾರೇ, ನಿಮ್ ಕಾರ್ಡು ಮಾದಪ್ಪನ ಪೋಟ ಇಂದ್ಗಡೆ ಇತ್ತು,” ಎಂದಳು. ಅವಳ ಗಂಡ ಜೋಳದ ಹೊಲ ಕಾಯಲು ಹೋದವನು ಆನೆಯ ಕಾಲಿಗೆ ಸಿಕ್ಕಿದ್ದ. ಯಾವುದೋ ಪತ್ರಿಕೆಯಲ್ಲಿ, ನಮ್ಮದಲ್ಲ, ಕುಡಿದ ಅಮಲಿನಲ್ಲಿ ಆನೆಗೆ ಎದುರಾದ ಎಂದು ಬಂದಿತ್ತು. “ನಮ್ ಯಜಮಾನ್ರು ಓಗ್ಬುಟ್ರು, ಅದ್ಕೆ ಅತ್ತಾಯ್ತು. ಅವ್ರು ಒಂದ್ ದಿನಾನೂ ಕುಡ್ದೋರಲ್ಲ. ಕುಡ್ದಿದ್ರು ಅಂತ ಬರ್ದವ್ರಲ್ಲ, ಅದ ತೆಗ್ಸಿಕೊಡಿ,” ಎಂದಳು. ಅಚ್ಚಾದದ್ದನ್ನು ತೆಗೆಯಲಾಗುವುದಿಲ್ಲ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಹೋದೆ. ಅವನ ಜೊತೆ ಹೊಲ ಕಾಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿಸಿದೆ. ಕುಡಿದಿದ್ದ ಎಂದು ಬರೆದವರು ಆ ಊರಿಗೆ ಕಾಲಿಟ್ಟೇ ಇರಲಿಲ್ಲ. ನಮ್ಮ ಪತ್ರಿಕೆಯಲ್ಲಿ ಒಳಪುಟದಲ್ಲಿ ಎಂಟು ಸಾಲು ಬಂತು. ಕೆಂಪಮ್ಮ ಅದನ್ನು ಟೀ ಅಂಗಡಿಯ ಮುಂದೆ ಜನ ಸೇರಿದ್ದಾಗ ಮೂರು ಸಲ ಗಟ್ಟಿಯಾಗಿ ಓದಿಸಿದಳಂತೆ. ನನಗೆ ಆಮೇಲೆ ಒಂದೆರಡು ಪ್ರಶಸ್ತಿ ಬಂದಿವೆ, ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಆದರೆ ಆ ಮೂರು ಸಲಕ್ಕೆ ಆದಷ್ಟು ಅಲ್ಲ.

ಅವತ್ತಿನಿಂದ ಇವತ್ತಿನವರೆಗೆ ನಾನು ಫೋನ್ ನಂಬರು ಬದಲಾಯಿಸಿಲ್ಲ. ಎಷ್ಟು ಮನೆಯ ದೇವರ ಹಿಂದೆ ಆ ನಂಬರು ಕೂತಿದೆಯೋ ಯಾರಿಗೆ ಗೊತ್ತು. ನೆಟ್‌ವರ್ಕಿಂಗ್ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ನಮ್ಮ ಕಡೆ ಇದಕ್ಕೆ ಬಳಕೆ ಎನ್ನುತ್ತಾರೆ. ‘ಅವರಿಗೂ ನಮಗೂ ಬಳಕೆ ಇದೆ’ ಎಂದರೆ ಅವರ ಮನೆಯ ಸಾವಿಗೆ ನಾವು ಹೋಗಿದ್ದೇವೆ, ನಮ್ಮ ಮನೆಯ ಮದುವೆಯಲ್ಲಿ ಅವರು ಬಡಿಸಿದ್ದಾರೆ ಎಂದು ಅರ್ಥ. ಅದು ಊಟದ ವಿರಾಮದ ನಲವತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ಯಾರು ಮುಖ್ಯರು ಎಂದು ಕೋಣೆಯ ಸುತ್ತ ಕಣ್ಣಾಡಿಸುವವರಿಗೆ ಅದು ದಕ್ಕುವುದೂ ಇಲ್ಲ. ಬೇಕಿದ್ದರೆ ನನ್ನನ್ನು ಹಟಮಾರಿ ಎನ್ನಿ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿಲ್ಲ! ಯಳಂದೂರಿನ ಕಾಲೇಜಿನಲ್ಲಿ ಹೇಳಿದ್ದೇನೆ, ಕೊಳ್ಳೇಗಾಲದಲ್ಲಿ ಪತ್ರಕರ್ತರ ಸಮಾರಂಭದಲ್ಲಿ ಹೇಳಿದ್ದೇನೆ, ಬಸ್ಸು ಕೆಟ್ಟು ನಿಂತಾಗ ಸಹಪ್ರಯಾಣಿಕರಿಗೆ ಹೇಳಿದ್ದೇನೆ. ‘ನೀವು ಕೈ ಒರಸ್ಕಂಡ್ರಿ’ ಎನ್ನುವಲ್ಲಿ ಯಾವಾಗಲೂ ಚಪ್ಪಾಳೆ ಬೀಳುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲಿಸಬೇಕು ಎಂಬುದನ್ನೂ ಕಲಿತಿದ್ದೇನೆ. ಹೇಳದೆ ಬಿಟ್ಟದ್ದು ಒಬ್ಬಳಿಗೇ, ಅವ್ವನಿಗೆ. ಅವಳ ಪಾಲಿಗೆ ಇವತ್ತಿಗೂ ಆ ಕಾರ್ಡು ಎಲ್ಲರೂ ಚೆನ್ನಾಗಿದೆ ಎಂದ ಕಾರ್ಡು.

ನಿನ್ನೆ ಭಾನುವಾರ ಊರಿಗೆ ಹೋಗಿದ್ದೆ. ಅವ್ವ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಮೊರ ಎಳೆದುಕೊಂಡು ಕೂತೆ. ಫೋನಿನಲ್ಲಿ ಪೋಸ್ಟರ್ ತೋರಿಸಿದೆ. “ನಿಂದ್ಯಾಕೆ ಸಣ್ಣದು?” ಎಂದು ಕೇಳಿದಳು. ಆಮೇಲೆ, “ಅಲ್ಲೋಗಿ ಏನ್ ಮಾತಾಡೀಯೆ?”

ಹೇಳಿಬಿಟ್ಟೆ. ತಟ್ಟೆ, ಕರವಸ್ತ್ರ, ಕತ್ತರಿ, ಮೈಕು, ಕಸದ ಡ್ರಮ್ಮು, ಎಲ್ಲ. ಹನ್ನೆರಡು ವರ್ಷದಿಂದ ಪಳಗಿದ ಬಾಯಿ, ನಿಲ್ಲಿಸುವಲ್ಲಿ ನಿಲ್ಲಿಸಿ, ಏರಿಸುವಲ್ಲಿ ಏರಿಸಿ ಹೇಳಿದೆ. ಅವಳು ಚಪ್ಪಾಳೆ ತಟ್ಟಲಿಲ್ಲ. ಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

“ಅವ್ರೆಲ್ಲ ನಕ್ರಲ್ಲ ಮೊದ್ಲ ದಿನ,” ಎಂದಳು, “ಆಗ ನೀನೇನ್ ಮಾಡ್ತಿದ್ದೆ?”

ನೋಡಿ, ನೂರಾರು ಜನ ಈ ಕಥೆ ಕೇಳಿದ್ದಾರೆ. ಅವರಲ್ಲಿ ಪತ್ರಕರ್ತರೇ ಎಷ್ಟೋ ಮಂದಿ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನೀವೂ ಕೇಳಲಿಲ್ಲ. ಸಭೆಗೆ ಸಭೆಯೇ ನಕ್ಕಿತು ಎಂದು ಮೇಲೆ ಬರೆದೆನಲ್ಲ, ಆ ಸಭೆಯಲ್ಲಿ ನಾನೂ ಇದ್ದೆ.

“ನಾನೂ ನಕ್ಕೆ ಕಣವ್ವ.”

ಅವಳ ಕೈಯಲ್ಲಿ ಒಂದು ಕಾಯಿ ಟಪ್ ಎಂದು ಬಿರಿಯಿತು. ಕಾಳು ಬಿಡಿಸಿ ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು.

“ಜೋರಾಗಾ?”

“ಊಂ. ಜೋರಾಗೇ. ನಂದು ಅಂತ ಗೊತ್ತಾಗ್ಬಾರ್ದು ಅಂತ.”

ಬೆಟ್ಟದ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು. ನನಗೆ ಅಳು ಬಂದಿತ್ತು, ಅದನ್ನು ಅಡಗಿಸಲು ಕಾಯಿ ಸುಲಿದೆ, ಸುಲಿದ ಕಾಳನ್ನು ಸಿಪ್ಪೆಗೆ ಹಾಕಿದೆ. ಅವಳು ಆ ಕಾಳುಗಳನ್ನು ಆರಿಸಿ ಮೊರಕ್ಕೆ ಹಾಕಿಕೊಂಡಳು.

“ಅವ್ರು ನಕ್ಕುದ್ದು ಓಗ್ಲಿ ಬುಡು,” ಎಂದಳು. “ಅವ್ರು ನನ್ ಕಂಡವ್ರಾ, ಉಂಡವ್ರಾ? ನೀನ್ ನಗ್ಬಾರ್ದಾಗಿತ್ತು.”

“ಊಂ.”

“ಮಾರ್ನೆ ದಿನ ಎದ್ನಿಂತ್ಕಂಡು ಕೇಳ್ದೆ, ಅದು ಸರಿ. ನಾನಾಗಿದ್ರೂ ಕೇಳ್ತಿದ್ದೆ. ಆದ್ರೆ ಬರೀ ಅದ್ನೇ ಯೋಳ್ಕಂಡ್ ತಿರುಗ್ತಿದ್ದೀಯಲ್ಲ ಇಷ್ಟ್ ವರ್ಸದಿಂದ. ಆ ಕೆಂಪಮ್ಮನ ಗಂಡಂದ ಅರ್ಧಂಬರ್ಧ ಕೇಳ್ಕಂಡ್ ಬರ್ದವ್ರೆ ಅಂತ ಅಷ್ಟ್ ದೂರ ಓಗಿದ್ಯಲ್ಲ ನೀನು. ಇದೂ ಅರ್ಧನೇ ಅಲ್ವಾ?”

ನನಗೆ ಪತ್ರಿಕೋದ್ಯಮ ಕಲಿಸಿದವರು ಅನೇಕರಿದ್ದಾರೆ, ಪದವಿಯ ಚೀಟಿ ಕೂಡ ಇದೆ. ನನ್ನ ವರದಿಯನ್ನು ಹೀಗೆ ಯಾರೂ ಎರಡಾಗಿ ಸೀಳಿ ಕೈಗೆ ಕೊಟ್ಟಿರಲಿಲ್ಲ. ತಪ್ಪಾಯ್ತು ಅವ್ವ ಎಂದೆ. ಅವಳು ಮೊರ ಎತ್ತಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತಳು.

“ಅಲ್ಲೋಗಿ ಮೊದ್ಲು ನೀನ್ ನಕ್ಕುದ್ದು ಯೋಳು. ಮಿಕ್ಕುದ್ದು ಆಮೇಲೆ. ನಾನೂ ಬತ್ತೀನಿ. ಮುಂದ್ಗಡೆ ಕೂತ್ಕತೀನಿ. ಯೋಳ್ತೀಯೋ ಇಲ್ವೋ ನೋಡ್ತೀನಿ.”

ಇವತ್ತು ಬೆಳಿಗ್ಗೆ ಕೊಳ್ಳೇಗಾಲಕ್ಕೆ ಬಂದವಳೇ ಶಾಲಿನಿಗೆ ಫೋನ್ ಮಾಡಿದೆ. ಸ್ಫೂರ್ತಿಕಥನ ಎಂಬುದನ್ನು ತೆಗೆದುಹಾಕು, ಗ್ರಾಮೀಣ ಎಂಬುದನ್ನೂ ತೆಗೆದುಹಾಕು, ಊಟಕ್ಕೆ ಮುಂಚಿನ ಹದಿನೈದು ನಿಮಿಷ ನನಗೆ ಬೇಡ, ಬೆಳಿಗ್ಗೆ ಮೊದಲನೆಯದು ಕೊಡು ಎಂದೆ. ಯಾಕೆ ಎಂದು ಕೇಳಿದಳು. ಕಥೆಗೆ ಒಂದು ಸಾಲು ಸೇರಿಸಬೇಕು, ಆ ಸಾಲು ಏನೆಂದು ನಿನಗೆ ಗೊತ್ತು, ಅವತ್ತು ನೀನು ನನ್ನ ಪಕ್ಕದಲ್ಲೇ ಕೂತಿದ್ದೆ ಎಂದೆ. ಅವಳು ಸರಿ ಎಂದಳು. “ಇನ್ನೊಂದು ಕೆಲಸ ಮಾಡು,” ಎಂದೆ. “ಮುಂದಿನ ಸಾಲಿನ ಮಧ್ಯದಲ್ಲಿ ಒಂದು ಕುರ್ಚಿ ಖಾಲಿ ಇಡು. ಅವ್ವ ಬರ್ತಿದ್ದಾಳೆ.”

“ಅಯ್ಯೋ, ಅದು ಮುಖ್ಯ ಅತಿಥಿಗಳ ಸಾಲು ಕಣೇ.”

“ಗೊತ್ತು,” ಎಂದೆ. “ಅದಕ್ಕೇ ಹೇಳ್ತಿರೋದು.”